ಎಸ್ಕಲೇಟರ್ ಆಫ್, ಪಾರ್ಕಿಂಗ್ ಚಾಲೂ

ನಮ್ಮ ಹಾಸನದವರಿಗೆ ಆಗ ಮಾಲ್ ಅಂದ್ರೆ ಬೆಂಗಳೂರೇ. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಶುರುವಾದ ಮೇಲೆ, ಮದುವೆ ಜವಳಿಗೆ ಹೋದವರೂ ಅಲ್ಲೊಂದು ಸುತ್ತು ಹಾಕಿಯೇ ಬರ್ತಿದ್ರು. ಏನೂ ಕೊಳ್ತಿರಲಿಲ್ಲ ಬಿಡಿ. ಸೀರೆ ನೆರಿಗೆ ಎತ್ತಿ ಹಿಡ್ಕೊಂಡು ಎಸ್ಕಲೇಟರ್ ಮುಂದೆ 'ನೀನು ಮೊದಲು ಹತ್ತೇ' ಅಂತ ತಳ್ಳಾಡೋ ಅತ್ತೆ, ಚಿಕ್ಕಮ್ಮಂದಿರೇ ಅರ್ಧ ಮನರಂಜನೆ.

ಮೊನ್ನೆ ಬೆಂಗಳೂರಲ್ಲಿ ಒಂದು ಹಳೇ ಮಾಲ್‌ಗೆ ಹೋದ್ರೆ ಅರ್ಧಕ್ಕರ್ಧ ಅಂಗಡಿಗೆ ಶಟರ್. 'ಶೀಘ್ರದಲ್ಲೇ ಪ್ರಾರಂಭ' ಅನ್ನೋ ಫ್ಲೆಕ್ಸಿಗೂ ಧೂಳು. ಎಸ್ಕಲೇಟರ್ ಆಫ್. ಪಾರ್ಕಿಂಗ್ ದುಡ್ಡು ಮಾತ್ರ ಬಿಡಲಿಲ್ಲ!

ಅದಕ್ಕಿಂತ ಮೈ ಉರಿಯೋದು ನಮ್ಮ ಭಾವನ್ನ ನೋಡಿದ್ರೆ. ಹಳೇ ಫುಡ್‌ಕೋರ್ಟ್ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿ 'ಆ ದಿನಗಳೇ ಚೆಂದ' ಅಂತ ಅಳ್ತಾರೆ. ಬನಿಯನ್ನಿಂದ ಜೀರಿಗೆವರೆಗೂ ಆರ್ಡರ್ ಮಾಡೋದು ಫೋನಲ್ಲೇ. ಕಟ್ಟಿನಕೆರೆ ಮಾರ್ಕೆಟ್ ಅವರ ಮನೆಗೆ ಕೂಗಳತೆ ದೂರ! ಅಮೆರಿಕದವರು 1956ರಲ್ಲೇ ಸೌತ್‌ಡೇಲ್ ಅಂತ ಪೂರ್ತಿ ಚಾವಣಿ ಮುಚ್ಚಿದ ಮಾಲ್ ಕಟ್ಟಿದ್ರು, ಈಗ ಅಲ್ಲಿ ಎಷ್ಟೋ ಮಾಲ್ ಪಾಳು. ಅವರು ದಶಕಗಟ್ಟಲೆ ಸುತ್ತಾಡಿ ಆಮೇಲೆ ಅತ್ತರು. ನಮಗೆ ಎಸ್ಕಲೇಟರ್ ಭಯ ಹೋಗೋ ಮೊದಲೇ ಅಳು.

ಭಾವಾ, ಅಷ್ಟು ಸಂಕಟ ಆಗ್ತಿದ್ರೆ ಹಬ್ಬದ ಬಟ್ಟೆ ಅಂಗಡೀಲಿ ತಗೊಳ್ಳಿ. ಅದಾಗಲ್ವಾ, ನಿಮ್ಮ ಪಾರ್ಸೆಲ್‌ಗೆಲ್ಲ ನಮ್ಮನೆ ಅಡ್ರೆಸ್ ಕೊಡೋದನ್ನಾದ್ರೂ ನಿಲ್ಲಿಸಿ.