ಹತ್ತು ಗಂಟೆಗೆ ಮುಗಿದ ಜಾಗರಣೆ

"ಸ್ವಾರಿ ಎಲ್ಲಿಗ್ರೀ ಸರ?"

ಆಟೋದವನು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದ. ಬಿಳಿ ಅಂಗಿ, ಬಿಳಿ ಪ್ಯಾಂಟು. ಬಿಳಿ ಬೂಟು ಇರಲಿಲ್ಲ, ಮಗನ ಪಿ.ಟಿ. ಶೂ ಹಾಕಿಕೊಂಡಿದ್ದೆ.

"ಸ್ವಾರೇಗೆ" ಎಂದೆ.

"ಅದನ್ನ ಕೇಳಾಕತ್ತೇನ್ರೀ. ಸ್ವಾರಿ ಎಲ್ಲಿಗೆ?"

"ಸ್ವಾರೇಗೆ ಹೊಂಟೇನೋ ತಮ್ಮಾ."

ಇದು ಹೀಗೇ ಇನ್ನೂ ಸ್ವಲ್ಪ ಹೊತ್ತು ನಡೆಯುತ್ತಿತ್ತೇನೋ. ಕೊನೆಗೆ ಗೋಕುಲ ರಸ್ತೆಯ ಒಂದು ಹಾಲ್‌ನ ಗುರುತು ಹೇಳಿದೆ. "ಹಂಗ ಹೇಳ್ರಿ ಮತ್ತ. ಎಲೆಕ್ಷನ್ ಮೀಟಿಂಗ್ ಐತೇನು?" ಎಂದ. ಬಟ್ಟೆ ನೋಡಿ ಹಾಗಂದುಕೊಂಡರೆ ಅವನದೇನು ತಪ್ಪು?

ಸ್ವಾರೇ ಅಂದರೆ ಫ್ರೆಂಚ್‌ನಲ್ಲಿ ಸಂಜೆ ಹೊತ್ತಿನ ಕೂಟ. ಸ್ವಾರಿ ಅಂದರೆ ಹುಬ್ಬಳ್ಳಿಯಲ್ಲಿ ನಾನು, ನೀವು, ಚೀಲ ಹಿಡಿದು ಓಣಿ ದಾಟುವ ಯಾರಾದರೂ. ಇವೆರಡನ್ನೂ ಕೂಡಿಸುವ ಕೆಲಸಕ್ಕೆ ನಮ್ಮೂರಿನ ಒಂದು ಉತ್ಸಾಹಿ ಮಂಡಳಿ ಕೈ ಹಾಕಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಒಂದೂ ಕನ್ನಡ ಅಕ್ಷರ ಇರಲಿಲ್ಲ. ಬ್ಯಾನರ್‌ನಲ್ಲಿ ಮಾತ್ರ ಇತ್ತು. 2024ರಲ್ಲಿ ತಿದ್ದುಪಡಿಯಾದ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕಲ್ವಾ? ಮಂಡಳಿಯವರು ಬ್ಯಾನರ್‌ಗೂ ಅದೇ ಲೆಕ್ಕ ಹಚ್ಚಿದ್ದರು. ಅಳತೆ ಪಟ್ಟಿ ಹಿಡಿದು ಶೇ 60 ಜಾಗ ತೆಗೆದು, ಅದರಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ 'ಸಾರೀ ಫ್ರಾಂಸೇಸ್, ನೈಟ್ ಬ್ಲಾಂಚ್' ಎಂದು ಬರೆಸಿದ್ದರು. ಲಿಪಿ ಕನ್ನಡ. ಮಾತು ಮಾತ್ರ ಕನ್ನಡವೂ ಅಲ್ಲ, ಫ್ರೆಂಚೂ ಅಲ್ಲ. ನಮ್ಮ ಓಣಿಯ ಇಬ್ಬರು ವೈನಿಯರು ಅದನ್ನು ಓದಿ, ಸೀರೆ ಸೇಲ್ ಎಷ್ಟು ದಿನ ಇದೆ ಎಂದು ವಿಚಾರಿಸಿಕೊಂಡು ಹೋದರಂತೆ. ಫ್ರಾನ್ಸ್‌ನಲ್ಲೂ ಇಂಥದೊಂದು ಕಾಯ್ದೆ ಇದೆ, 1994ರ ತೂಬೋಂ ಕಾಯ್ದೆ. ಜಾಹೀರಾತೆಲ್ಲ ಫ್ರೆಂಚ್‌ನಲ್ಲಿ ಇರಲೇಬೇಕು. ಆದರೆ ಹೀಗೆ ಲಿಪಿ ಬದಲಿಸಿ ಪಾರಾಗುವ ಅನುಕೂಲ ಅಲ್ಲಿಲ್ಲ. ಪಾಪ, ಅವರದೂ ಇಂಗ್ಲಿಷಿನದೂ ಒಂದೇ ಲಿಪಿ.

ಬ್ಯಾನರ್‌ನ 'ನೈಟ್ ಬ್ಲಾಂಚ್' ನಿಜಕ್ಕೂ 'ನ್ಯುಯಿ ಬ್ಲಾಂಶ್'. ಪದಕ್ಕೆ ಪದ ಇಟ್ಟರೆ ಬಿಳಿ ರಾತ್ರಿ. ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತದಿದ್ದರೆ ಫ್ರೆಂಚರು 'ಬಿಳಿ ರಾತ್ರಿ ಕಳೆದೆ' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಜಾಗರಣೆ. ಪ್ಯಾರಿಸ್‌ನಲ್ಲಿ 2002ರಿಂದ ಈ ಹೆಸರಿನ ಹಬ್ಬವೇ ನಡೆಯುತ್ತದೆ. ಒಂದು ರಾತ್ರಿ ಮ್ಯೂಸಿಯಂ, ಚೌಕ, ಬೀದಿ ಎಲ್ಲ ಕಡೆ ಕಲೆ ನೋಡುತ್ತ ಜನ ತಿರುಗಾಡುತ್ತಾರೆ. ಅದೂ ಬಿಟ್ಟಿಯಾಗಿ. ನಮ್ಮ ಮಂಡಳಿಯವರು ಇದರಲ್ಲಿ 'ಬಿಳಿ' ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಂಡರು. 'ರಾತ್ರಿಯಿಡೀ' ಅನ್ನುವುದನ್ನು ಬಿಟ್ಟರು. 'ಬಿಟ್ಟಿ' ಅನ್ನುವ ಸಾಲಿನ ತನಕ ಓದಲೇ ಇಲ್ಲ. ಹಾಗಾಗಿ ಎಲ್ಲರೂ ಬಿಳಿ ಬಟ್ಟೆಯಲ್ಲಿ ಬರಬೇಕು, ಟಿಕೆಟ್ 499 ರೂಪಾಯಿ, ಸಂಜೆ 6ಕ್ಕೆ ಸರಿಯಾಗಿ.

ಹುಬ್ಬಳ್ಳಿಯಲ್ಲಿ ಬಿಳಿ ಬಟ್ಟೆ ತೊಟ್ಟು ಆಟೋದಲ್ಲಿ ಕೂರುವುದಕ್ಕೆ ಗುಂಡಿಗೆ ಬೇಕು. ಚೆನ್ನಮ್ಮ ವೃತ್ತದ ಕಡೆ ಫ್ಲೈಓವರ್ ಕೆಲಸ ಶುರುವಾದ ಮೇಲಂತೂ ಕೇಳಲೇಬೇಡಿ. ಹಾಲ್ ಮುಟ್ಟುವ ಹೊತ್ತಿಗೆ ನನ್ನ ಅಂಗಿ ಗೋದಿ ಹಿಟ್ಟಿನ ಬಣ್ಣಕ್ಕೆ ಬಂದಿತ್ತು. ಒಳಗೆ ಕೂತವರಲ್ಲಿ ಯಾರು ಕಾರಿನಲ್ಲಿ ಬಂದವರು, ಯಾರು ಸ್ಕೂಟರ್, ಯಾರು ಆಟೋ ಎಂದು ಬಣ್ಣ ನೋಡಿಯೇ ಹೇಳಬಹುದಿತ್ತು. ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಬಂದವರು ಮಾತ್ರ ಎ.ಸಿ. ಗಾಡಿಯ ಪುಣ್ಯದಿಂದ ಬೆಳ್ಳಗೇ ಉಳಿದಿದ್ದರು.

ಬಾಗಿಲಲ್ಲಿ ಹುಡುಗಿಯರು "ಬೋಂಜೂರ್ ಅಂಕಲ್" ಎಂದು ಗುಲಾಬಿ ನೀರು ಚಿಮುಕಿಸಿದರು. ಬೋಂಜೂರ್ ಹಗಲಿಗೆ, ಸಂಜೆಯಾದರೆ ಬೋಂಸ್ವಾರ್ ಎನ್ನಬೇಕು. ತಿದ್ದೋಣ ಅಂದುಕೊಂಡೆ. ಆದರೆ ಏಳೂ ನಲವತ್ತಾದರೂ ಆರು ಗಂಟೆಯ ಕಾರ್ಯಕ್ರಮ ಶುರುವಾಗಿರಲಿಲ್ಲ. ಆ ಲೆಕ್ಕದಲ್ಲಿ ಸಂಜೆ ಇನ್ನೂ ಆಗೇ ಇರಲಿಲ್ಲ, ಸುಮ್ಮನಾದೆ.

ವೇದಿಕೆಯ ಹಿಂದೆ ಬಲೂನಿನ ಬಾವುಟ ಕಟ್ಟಿದ್ದರು. ಫ್ರೆಂಚ್ ಬಾವುಟದಲ್ಲಿ ನೀಲಿ, ಬಿಳಿ, ಕೆಂಪು ಅಕ್ಕಪಕ್ಕ ನಿಂತಿರುತ್ತವೆ. ಬಲೂನಿನವನು ಅವನ್ನು ಮಲಗಿಸಿಬಿಟ್ಟಿದ್ದ. ಕೆಂಪು ಮೇಲೆ, ಬಿಳಿ ನಡುವೆ, ನೀಲಿ ಕೆಳಗೆ. ಅದು ನೆದರ್ಲೆಂಡ್ಸ್ ಬಾವುಟ. ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಲು ಆ ದೇಶದವರೂ ಬಂದಿರಲಿಲ್ಲ, ಈ ದೇಶದವರೂ ಬಂದಿರಲಿಲ್ಲ.

ವೇದಿಕೆ ಮೇಲೆ ಹನ್ನೊಂದು ಕುರ್ಚಿ. ಫ್ರೆಂಚ್‌ನಲ್ಲಿ ಬರೆದ ಅಕ್ಷರಗಳೆಲ್ಲ ಬಾಯಿಗೆ ಬರುವುದಿಲ್ಲ ಎಂದು ಕೇಳಿದ್ದೀರಲ್ಲ? ಪದದ ಕೊನೆಯಲ್ಲಿ ಎರಡು ಮೂರು ಅಕ್ಷರ ಸುಮ್ನೆ ಕೂತಿರುತ್ತವೆ. ತೆಗೆಯುವ ಹಾಗಿಲ್ಲ, ತೆಗೆದರೆ ತಪ್ಪು. ಹನ್ನೊಂದರಲ್ಲಿ ಎಂಟು ಜನ ಅಂಥವರು. ಅವರಿಗೂ ಶಾಲು, ಹಾರ, ಒಂದೊಂದು ಡಬ್ಬಿ ಪೇಢೆ. ಒಬ್ಬೊಬ್ಬರಿಗೂ ಫೋಟೋ. ಫೋಟೋದವನು "ಇನ್ನೊಮ್ಮೆ ಸರ" ಎಂದಾಗಲೆಲ್ಲ ಹಾಕಿದ ಶಾಲು ತೆಗೆದು ಮತ್ತೆ ಹಾಕಿದರು.

ಪ್ರಾಸ್ತಾವಿಕ ಮಾತಾಡಿದವರು ಇಂಗ್ಲಿಷಿನಲ್ಲಿ ಶುರು ಮಾಡಿ, ಸಿಟ್ಟು ಬಂದ ಮೇಲೆ ಕನ್ನಡಕ್ಕೆ ಇಳಿದರು. ಅಲಿಯಾನ್ಸ್ ಫ್ರಾನ್ಸೇಸ್ ಎಂಬ ಸಂಸ್ಥೆ 1883ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು, ಫ್ರೆಂಚ್ ಕಲಿಸುತ್ತ ಊರೂರಿಗೆ ಹೋಯಿತು, ಬೆಂಗಳೂರಿಗೂ ಬಂತು. "ಹುಬ್ಬಳ್ಳಿಗೆ ಯಾಕ ಬರಲಿಲ್ಲ? ಉತ್ತರ ಕರ್ನಾಟಕಕ್ಕ ಆದ ಅನ್ಯಾಯ ಇದು!" ಇಡೀ ಸಂಜೆಯ ದೊಡ್ಡ ಚಪ್ಪಾಳೆ ಬಿದ್ದದ್ದು ಇದಕ್ಕೇ. ನಾನೂ ಹೊಡೆದೆ. ಫ್ರೆಂಚ್ ಬರಲಿ ಬಿಡಲಿ, ಅನ್ಯಾಯ ಅಂದರೆ ನಮ್ಮ ಕಡೆ ಕೈ ತಾನಾಗಿಯೇ ಮೇಲೇಳುತ್ತದೆ.

ಅಧ್ಯಕ್ಷರು ಮೊಬೈಲ್ ನೋಡಿ ಓದಿದರು. ಫ್ರಾನ್ಸ್‌ನಲ್ಲಿ 1982ರಿಂದ ಪ್ರತಿ ಜೂನ್ 21ಕ್ಕೆ ಸಂಗೀತದ ಹಬ್ಬ, ವಾದ್ಯ ಇದ್ದವರೆಲ್ಲ ಬೀದಿಗೆ ಬಂದು ನುಡಿಸುತ್ತಾರೆ, ಕೇಳುವವರು ದುಡ್ಡು ಕೊಡಬೇಕಿಲ್ಲ. "ಇಂಥ ಆದರ್ಶ ನಮಗೂ ಬೇಕು" ಎಂದು ಮೊಬೈಲ್ ಜೇಬಿಗಿಟ್ಟರು. ನಮ್ಮ ಜೇಬಿನಲ್ಲಿ 499ರ ಟಿಕೆಟ್ ಮಡಚಿ ಕೂತಿತ್ತು.

ಮುಖ್ಯ ಅತಿಥಿಗಳು ಟೂರ್ ಪ್ಯಾಕೇಜಿನಲ್ಲಿ ಯುರೋಪ್ ಮುಗಿಸಿದವರು. ಅದರಲ್ಲಿ ಪ್ಯಾರಿಸ್‌ಗೆ ಒಂದೂವರೆ ದಿನ. ಆ ಒಂದೂವರೆ ದಿನವನ್ನು ನಮಗೆ ಮುಕ್ಕಾಲು ಗಂಟೆ ತೋರಿಸಿದರು. ಐಫೆಲ್ ಟವರ್ 330 ಮೀಟರ್, ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಇಡೀ ಜಗತ್ತಿಗೇ ಉದ್ದ. "ಆ ಟವರ್ ಮಲಗಿಸಿದ್ರ ನಮ್ಮ ಪ್ಲಾಟ್‌ಫಾರ್ಮ್ ಮ್ಯಾಲ ನಾಕು ಹಿಡೀತಾವ!" ಲೆಕ್ಕ ಹಾಕಿದೆ. ಹೌದು, ಹಿಡಿಯುತ್ತವೆ. ಮಿಕ್ಕ 187 ಮೀಟರ್‌ನಲ್ಲಿ ಚಹಾ, ಗಿರ್ಮಿಟ್ ಅಂಗಡಿ ಇಡಬಹುದು. ಪ್ಯಾರಿಸ್‌ನವರು ಕೊಡಬೇಕಷ್ಟೆ.

ಆಮೇಲೆ ಲಕ್ಕಿ ಡಿಪ್. ನಿರೂಪಕಿ ಚೀಟಿ ಎತ್ತಿ ಫ್ರೆಂಚ್‌ನಲ್ಲೇ ನಂಬರ್ ಕೂಗಿದಳು. ಅಲ್ಲಿತನಕ ಬಂದ ಮೊದಲ ಶುದ್ಧ ಫ್ರೆಂಚ್ ಅದು. "ಕಾತ್ರ್ ವ್ಯಾಂ ದೀಸ್ ನೆಫ್!" ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಎಲ್ಲರೂ ತಮ್ಮ ಟಿಕೆಟ್ ನೋಡಿಕೊಂಡು ಪಕ್ಕದವರ ಮುಖ ನೋಡಿದರು. ಮೂರನೇ ಸಲವೂ ಯಾರೂ ಏಳದಿದ್ದಾಗ ಇನ್ನೊಂದು ಚೀಟಿ ಎತ್ತಿದರು. ಅದು ಒಂದನೇ ನಂಬರು, ಕಾರ್ಯದರ್ಶಿಗಳ ಮನೆಯವರದು. ಅವರಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಯಿತು.

ಆ ಮೊದಲಿನ ನಂಬರ್ ಎಷ್ಟು ಎಂದು ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಯನ್ನು ಕೇಳಿದೆ. "ನಾಕು ಇಪ್ಪತ್ತು ಹತ್ತು ಒಂಬತ್ತು. ಅಂದ್ರ ತೊಂಬತ್ತೊಂಬತ್ರೀ ಅಂಕಲ್." ನನ್ನ ಟಿಕೆಟ್ ತೆಗೆದು ನೋಡಿದೆ. 99. ಒಂದು ಕಿಲೋ ಪೇಢೆ ಹೋಗಿತ್ತು.

ಪೇಢೆ ಹೋದದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನನ್ನ ಅಜ್ಜಿ ಕುಳ್ಳು ಎಣಿಸುತ್ತಿದ್ದದ್ದೂ ಹೀಗೇ. ಇಪ್ಪತ್ತಕ್ಕೊಂದು ಹರಳು ಪಕ್ಕಕ್ಕಿಟ್ಟು, "ನಾಕ ಇಪ್ಪತ್ತು, ಮ್ಯಾಲ ಹತ್ತು, ಮ್ಯಾಲ ಒಂಬತ್ತು" ಎನ್ನುತ್ತಿದ್ದಳು. ನಾವು ಮೊಮ್ಮಕ್ಕಳು ನಗುತ್ತಿದ್ದೆವು. ಅಜ್ಜಿ ಎಣಿಸಿದರೆ ಅಡಾಣಿತನ, ಪ್ಯಾರಿಸ್‌ನವರು ಎಣಿಸಿದರೆ ಸಂಸ್ಕೃತಿ.

ಊಟದ ಕಡೆ ಹೋದೆ. ಕ್ರುವಾಸಾಂ ಎಂದು ಕೊಟ್ಟದ್ದು ಬೇಕರಿಯ ಖಾರಿ, ಒಂದು ಬದಿ ಬಾಗಿತ್ತು. ಕ್ರೆಪ್ ಎಂದರೆ ಫ್ರೆಂಚರ ತೆಳ್ಳನೆ ದೋಸೆ. ಇಲ್ಲಿ ಅದು ಬರೀ ದೋಸೆ, ಮೇಲೆ ಫ್ರಾನ್ಸ್‌ನ ಲೆಕ್ಕಕ್ಕೆ ಸ್ವಲ್ಪ ಸಕ್ಕರೆ. ವೈನ್ ಇರಲಿಲ್ಲ, ಕುಟುಂಬಸ್ಥರ ಕಾರ್ಯಕ್ರಮ. ವೈನ್ ಗ್ಲಾಸ್ ಇತ್ತು, ಅದರಲ್ಲಿ ದ್ರಾಕ್ಷಿ ಜ್ಯೂಸ್. ನನ್ನ ಎದುರಿಗೆ ನಿಂತ ಒಬ್ಬ ಯಜಮಾನರು ಗ್ಲಾಸಿನ ಕಾಲನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ತಿರುಗಿಸಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿದರು. ತೆರೆದಾಗ ಅರ್ಧ ಗ್ಲಾಸ್ ಅವರ ಬಿಳಿ ಅಂಗಿಯ ಮೇಲಿತ್ತು. "ಉಪ್ಪು ಹಚ್ರಿ, ಹೋಗ್ತದ" ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು. ಉಪ್ಪು ಸಿಗಲಿಲ್ಲ. ಒಬ್ಬರು ಖಾರಿಯನ್ನೇ ಉಜ್ಜಿ ನೋಡಿದರು.

ಒಂಬತ್ತೂ ನಲವತ್ತಕ್ಕೆ ಫ್ರೆಂಚ್ ಹಾಡು ಶುರುವಾಯಿತು. ಶಾಲೆಯ ಪುಟ್ಟ ಹುಡುಗಿ, ಒಳ್ಳೆ ದನಿ. ಎರಡು ಚರಣ ಹಾಡಿರಬೇಕು, ಹಾಲ್‌ನ ಮ್ಯಾನೇಜರ್ ಬಂದು ಕೈಗಡಿಯಾರ ಮುಟ್ಟಿ ತೋರಿಸಿದರು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಕೇಳುವ ಹಾಗೆ ಧ್ವನಿವರ್ಧಕ ಹಚ್ಚುವಂತಿಲ್ಲ, ಅದು 2000ದಿಂದ ದೇಶಕ್ಕೆಲ್ಲ ಇರುವ ನಿಯಮ. ಹಾಡು ನಿಲ್ಲಿಸಿದರು. ವಂದನಾರ್ಪಣೆ ನಿಲ್ಲಿಸಲು ಬರುತ್ತದೆಯೇ? ಶಾಮಿಯಾನಾ, ಮೈಕ್, ಬಲೂನ್, ಪೇಢೆ ಅಂಗಡಿ, ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ ಹೇಳಿ, ಒಂಬತ್ತೂ ಐವತ್ತೆಂಟಕ್ಕೆ ಬಿಳಿ ರಾತ್ರಿ ಮುಗಿಯಿತು. ಜಾಗರಣೆ ಹತ್ತು ಗಂಟೆಗೆ ಮುಗಿದದ್ದು ನಾನು ನೋಡಿದ ಹಾಗೆ ಇದೇ ಮೊದಲು.

ಮೆಟ್ಟಿಲಿಳಿಯುವಾಗ ಆ ಕಾಲೇಜು ಹುಡುಗಿ ಮತ್ತೆ ಸಿಕ್ಕಳು. ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿದ್ದಳಂತೆ, ಮಾರ್ಕ್ಸ್ ಜಾಸ್ತಿ ಬರುತ್ತದೆ ಎಂದು. ಬಂದೂ ಇತ್ತು, ನೂರಕ್ಕೆ ತೊಂಬತ್ತೆಂಟು. "ಹಂಗಾದ್ರ ನ್ಯುಯಿ ಬ್ಲಾಂಶ್ ಅಂದ್ರ ಏನವಾ?" ಎಂದೆ. ಸ್ವಲ್ಪ ಯೋಚಿಸಿ ಹೇಳಿದಳು: "ಅದು ಸಿಲೆಬಸ್‌ನಾಗ ಇರ್ಲಿಲ್ರೀ."

ಹಿಂದಕ್ಕೆ ಬರುವಾಗ ಅಪ್ಪ ನೆನಪಾದ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಹೋರಾತ್ರಿ ಸಂಗೀತ ಎಂದರೆ ಸಂಜೆ ಬಸ್ಸಿಗೆ ಹೋಗಿಬಿಡುತ್ತಿದ್ದ. ಒಂದು ಕಂಬಳಿ, ಒಂದು ಬುತ್ತಿ. ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ, ಕಣ್ಣು ಕೆಂಪು, ಬಾಯಲ್ಲಿ ಭೈರವಿ. ಇದಕ್ಕೆ ಫ್ರೆಂಚ್‌ನಲ್ಲಿ ಬಿಳಿ ರಾತ್ರಿ ಎನ್ನುತ್ತಾರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಕಂಬಳಿ ಕರಿದು ತಗೊಂಡು ಹೋಗಬಹುದೋ ಇಲ್ಲವೋ ಎಂದು ಕೇಳುತ್ತಿದ್ದ.

ಮನೆಯಲ್ಲಿ ಬಾಗಿಲು ತೆಗೆದವಳು "ಯಾಕ್ರೀ, ರಾತ್ರಿ ಎಲ್ಲಾ ಐತಿ ಅಂದಿದ್ರಿ?" ಎಂದಳು. ಉತ್ತರ ಕೊಡುವಷ್ಟು ತಾಕತ್ತಿರಲಿಲ್ಲ. ಬಟ್ಟೆ ಬದಲಿಸದೆ ಹಾಗೇ ಮಲಗಿದೆ.

ಒಂದೂ ಕಾಲಿಗೆ ಓಣಿ ಎದ್ದಿತು. "ನಳಾ ಬಂದಾವ್ರೀ! ನಳಾ ಬಂದಾವು!"

ಎಂಟು ದಿನ ಆಗಿತ್ತು. ಮನೆ ಮನೆಗೆ ದೀಪ ಹತ್ತಿದವು. ಕೊಡ, ಬಕೆಟ್, ಬ್ಯಾರಲ್, ಮಕ್ಕಳು ಸ್ನಾನ ಮಾಡುವ ಪ್ಲಾಸ್ಟಿಕ್ ಬುಟ್ಟಿ, ಎಲ್ಲ ಹೊರಗೆ ಬಂದವು. ಮೋಟರ್‌ಗಳ ಸದ್ದು ಶುರುವಾಯಿತು, ಅದಕ್ಕೆ ಹತ್ತು ಗಂಟೆಯ ನಿಯಮ ಯಾರೂ ಹೇಳಲಿಲ್ಲ. ಎದುರುಮನೆಯ ವೈನಿ ಪೈಪಿಗೆ ಬಟ್ಟೆ ಸುತ್ತುತ್ತಿದ್ದರು. ಯಾರದೋ ಮನೆಯಲ್ಲಿ ಚಹಾ ಇಟ್ಟರು. ನಾನು ಬಿಳಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ಸಾಲಿನಲ್ಲಿ ನಿಂತೆ. ಬೆಳಗಿನ ನಾಲ್ಕರ ತನಕ ಓಣಿಯಲ್ಲಿ ಒಬ್ಬರೂ ಮಲಗಲಿಲ್ಲ.

ಪಕ್ಕದ ಮನೆಯ ಕಾಕಾ ನನ್ನ ಅವತಾರ ನೋಡಿ ಕೇಳಿದರು: "ಸ್ವಾರಿ ಎಲ್ಲಿಗೆ ಹೋಗಿತ್ತೋ, ಬೆಳ್ಳಗ ಹಾಕ್ಕೊಂಡು?"

"ಜಾಗರಣಿಗೆ ಹೋಗಿದ್ದೆ ಕಾಕಾ. ಐದುನೂರು ರೂಪಾಯಿ ಟಿಕೀಟು."

ಕಾಕಾ ಒಂದು ನಿಮಿಷ ನನ್ನನ್ನೇ ನೋಡಿದರು. ಆಮೇಲೆ ಪೈಪಿನ ತುದಿ ನನ್ನ ಕೈಗೆ ಕೊಟ್ಟರು.

"ಹಿಡಿ ಇದನ್ನ. ಟಾಕಿ ತುಂಬಿದ್ರ ಕೂಗು."