ಚಾಕೊಲೇಟ್ ಓಟ್ಸ್: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಬೆಳಿಗ್ಗೆ ಚಾಕೊಲೇಟ್ ಪುಡಿ ಬೆರೆಸಿದ ಓಟ್ಸ್ ತಿನ್ನಿ. ಮಧುಮೇಹಿಗಳೂ ಧಾರಾಳವಾಗಿ ತಿನ್ನಬಹುದು, ರಾಗಿಗಿಂತ ಕ್ಯಾಲ್ಸಿಯಂ ಹೆಚ್ಚು.’

ಕೊನೆಯ ಮಾತು ಶುದ್ಧ ಸುಳ್ಳು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಓಟ್ಸ್‌ನಲ್ಲಿ ಸುಮಾರು 50. ರಾಗಿ ಬೆಳೆಯುವ ಜಿಲ್ಲೆಯಲ್ಲೇ ಇದನ್ನು ನಂಬುವವರಿದ್ದಾರೆ ಎಂಬುದೇ ಸೋಜಿಗ!

ಓಟ್ಸ್ ಒಳ್ಳೆಯದೆಂಬುದು ನಿಜವೇ. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂನಷ್ಟು ಸಿಕ್ಕರೆ ಕೊಲೆಸ್ಟ್ರಾಲ್ ತಗ್ಗಿಸಲು ನೆರವಾಗುತ್ತದೆ. ಆದರೆ 40 ಗ್ರಾಂ ಓಟ್ಸ್‌ನಲ್ಲಿ ಸಿಗುವುದು ಅದರ ಅರ್ಧದಷ್ಟು. ಓಟ್ಸ್‌ನಲ್ಲಿರುವ ಪಿಷ್ಟ ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ದಿಢೀರ್ ಓಟ್ಸ್ ಆದರೆ ಇನ್ನೂ ಬೇಗ. ಮಧುಮೇಹಿಗಳಿಗೆ ‘ಧಾರಾಳ’ ಎಂಬ ಮಾತೇ ಸಲ್ಲದು.

ನಿಜವಾದ ಎಡವಟ್ಟು ಡಬ್ಬಿಯಲ್ಲಿದೆ. ಸಂದೇಶದಲ್ಲಿ ಬರೀ ‘ಚಾಕೊಲೇಟ್ ಪುಡಿ’ ಎಂದಿದೆ. ಹಾಲಿಗೆ ಬೆರೆಸುವ ಡ್ರಿಂಕಿಂಗ್ ಚಾಕೊಲೇಟ್ ಬೇರೆ, ಸಿಹಿಯಿಲ್ಲದ ಕೋಕೋ ಪುಡಿ ಬೇರೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸುತ್ತಾರೆ. ಮೊದಲ ಹೆಸರೇ ಸಕ್ಕರೆಯಾಗಿದ್ದರೆ ಡಬ್ಬಿಯನ್ನು ಅಂಗಡಿಯಲ್ಲೇ ಬಿಡಿ. ಬೆಲ್ಲ ಹಾಕಿದರೆ ಸರಿಹೋಗುತ್ತದೆ ಎಂಬ ಸಮಾಧಾನವೂ ಬೇಡ, ಅದೂ ಸಕ್ಕರೆಯೇ.

ಮಾಡುವವರು ಒಂದು ಚಮಚ ಕೋಕೋವನ್ನು ಮೊದಲು ತಣ್ಣನೆಯ ಹಾಲಿನಲ್ಲಿ ಕಲಸಿಕೊಳ್ಳಬೇಕು. ಬಿಸಿ ಹಾಲಿಗೆ ನೇರ ಸುರಿದರೆ ಗಂಟುಕಟ್ಟಿ, ಒಡೆದಾಗ ಒಳಗೆ ಒಣ ಪುಡಿ ಹಾಗೆಯೇ ಇರುತ್ತದೆ. ಸಿಹಿಗೆ ಅರ್ಧ ಏಲಕ್ಕಿ ಬಾಳೆಹಣ್ಣು ಕಿವುಚಿದರೆ ಸಾಕು.