ಕೃತಕ ಕಾಲು ಮತ್ತು ಆರೋಗ್ಯ ವಿಮೆ: ಒಂದು ಸ್ಪಷ್ಟನೆ

ಆರೋಗ್ಯ ವಿಮೆ ಇದ್ದವರಿಗೆಲ್ಲ ಕಂಪನಿಯೇ ಕೃತಕ ಕಾಲು ಕೊಡಿಸಿ, ಹಳತಾದಾಗ ಉಚಿತವಾಗಿ ಬದಲಿಸುತ್ತದೆ ಎಂಬ ಸಂದೇಶವೊಂದು ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಸಾಮಾನ್ಯ ಪಾಲಿಸಿಗಳು ಭರಿಸುವುದು ಶಸ್ತ್ರಚಿಕಿತ್ಸೆಯ ವೇಳೆ ದೇಹದೊಳಗೆ ಅಳವಡಿಸುವ ಸಾಧನದ ವೆಚ್ಚವನ್ನು. ಹೊರಗಿನಿಂದ ತೊಡುವ ಕಾಲು, ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ, ಅದರಲ್ಲಿ ಸೇರುವುದಿಲ್ಲ. ಸಂದೇಶ ನಂಬಿ ಸಾಲ ಮಾಡಿ ಕಾಲು ಕೊಂಡವರ ಕ್ಲೇಮ್ ತಿರಸ್ಕೃತವಾದರೆ ಆ ಕುಟುಂಬಕ್ಕೆ ಬೀಳುವ ಹೊಡೆತ ಸಣ್ಣದಲ್ಲ.

ಬದಲಾವಣೆಯ ಪ್ರಶ್ನೆ ಇನ್ನೂ ಗಂಭೀರವಾದದ್ದು. ಕತ್ತರಿಸಿದ ಕಾಲಿನ ಉಳಿದ ಭಾಗ ತಿಂಗಳುಗಳು ಕಳೆದಂತೆ ಸೊರಗಿ, ಅದು ಕೂರುವ ಕೃತಕ ಕಾಲಿನ ಬಟ್ಟಲಿನಂಥ ಭಾಗವಾದ ಸಾಕೆಟ್ ಸಡಿಲವಾಗಿ, ಚರ್ಮ ಉಜ್ಜಿ ಹುಣ್ಣಾಗುವುದರಿಂದ ಹೊಸ ಸಾಕೆಟ್ ಅನಿವಾರ್ಯವಾಗುತ್ತದೆ. ಬೆಳೆಯುವ ಮಕ್ಕಳಿಗಂತೂ ಅದು ಪದೇ ಪದೇ ಬೇಕು. ಅಂಗವಿಕಲರಿಗೆ ಸಹಾಯಕ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ, ಆದಾಯ ಮಿತಿಗೆ ಒಳಪಟ್ಟು, ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ, 12 ವರ್ಷದೊಳಗಿನ ಮಕ್ಕಳಿಗೆ ವರ್ಷಕ್ಕೊಮ್ಮೆ ನೆರವು ಪಡೆಯಬಹುದಾಗಿದ್ದು, ಅಂಗವಿಕಲರ ಪುನರ್ವಸತಿಗಾಗಿ ಇರುವ ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಬಹುದು. ಕೆಲಸದ ವೇಳೆ ಅಂಗ ಕಳೆದುಕೊಂಡ ಇಎಸ್‌ಐ (ನೌಕರರ ರಾಜ್ಯ ವಿಮೆ) ವಿಮಾದಾರರಿಗೆ ಕೃತಕ ಅಂಗ ಆ ವ್ಯವಸ್ಥೆಯಲ್ಲೇ ದೊರೆಯುತ್ತದೆ. ರಸ್ತೆ ಅಪಘಾತದ ಪರಿಹಾರ ಕೇಳುವವರು ಮೊದಲ ಕಾಲಿನ ಬಿಲ್ಲಿನ ಜೊತೆಗೆ ಮುಂದಿನ ಬದಲಾವಣೆ ಮತ್ತು ನಿರ್ವಹಣೆಯ ಅಂದಾಜನ್ನೂ ಅರ್ಜಿಯಲ್ಲಿ ಸೇರಿಸಬೇಕು; ಸುಪ್ರೀಂ ಕೋರ್ಟ್ 2022ರ ತೀರ್ಪೊಂದರಲ್ಲಿ ಇವೆರಡನ್ನೂ ಪರಿಗಣಿಸಿ ಪರಿಹಾರ ಹೆಚ್ಚಿಸಿದೆ.